ಕೊಳ್ಳುವವನ ಜಾತಕ

ಕಳೆದ ವರ್ಷದ ಮಳೆಗಾಲದಲ್ಲಿ ಭಾರತೀನಗರದ ನಮ್ಮ ಮನೆಗೆ ಅಂಚೆಯಲ್ಲಿ ಒಂದು ದಪ್ಪ ಕ್ಯಾಟಲಾಗು ಬಂದಿತು. ಬಣ್ಣದ ಚಿತ್ರಗಳಿಂದ ತುಂಬಿದ್ದ ಆ ಪುಸ್ತಕದಲ್ಲಿ ಗೋಡೆಯ ಗಡಿಯಾರದಿಂದ ಹೊಲಿಗೆಯ ಯಂತ್ರದವರೆಗೆ ಸಂಸಾರಕ್ಕೆ ಬೇಕಾದ, ಬೇಡವಾದ ಸರಕುಗಳೆಲ್ಲವೂ ಇದ್ದುವು. ನಾವು ಎರಡು ವಸ್ತುಗಳನ್ನು ಆರಿಸಿದೆವು. ಗಡಿಯಾರಕ್ಕೆ ಪೂರ್ಣ ಬೆಲೆಯನ್ನು ಮುಂಗಡವಾಗಿಯೇ ಕಳುಹಿಸುವುದೆಂದೂ, ಹೊಲಿಗೆಯ ಯಂತ್ರವನ್ನು ಹನ್ನೆರಡು ಕಂತುಗಳ ಮೇಲೆ ಕೊಳ್ಳುವುದೆಂದೂ ನಿಶ್ಚಯಿಸಿದೆವು. ಆದರೆ ಎರಡಕ್ಕೂ ತುಂಬಿ ಕಳುಹಿಸಬೇಕಾಗಿದ್ದ ನಮೂನೆ ಒಂದೇ. ಹೆಸರು, ವಿಳಾಸಗಳ ಕೆಳಗೆ ತಂದೆಯ ಹೆಸರು, ಜನ್ಮದಿನಾಂಕ, ಮದುವೆಯಾಗಿದೆಯೆ ಇಲ್ಲವೆ, ತಿಂಗಳ ವರಮಾನ, ಮನೆ ಸ್ವಂತದ್ದೊ ಬಾಡಿಗೆಯದೊ, ಪ್ಯಾನ್ ಸಂಖ್ಯೆ, ಮೊಬೈಲ್ ಸಂಖ್ಯೆ, ಅದರ ಜೊತೆಗೆ ಇಬ್ಬರು ನೆಂಟರ ಅಥವಾ ನೆರೆಯವರ ಮೊಬೈಲ್ ಸಂಖ್ಯೆ. ಎಲ್ಲಕ್ಕಿಂತ ಕೆಳಗೆ, ಭೂತಕನ್ನಡಿಯಿಲ್ಲದೆ ಓದಲಾಗದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಈ ವಿವರಗಳನ್ನು ಸಂಸ್ಥೆಯು ತನಗೆ ತೋರಿದವರೊಡನೆ ಹಂಚಿಕೊಳ್ಳಲು ನಮ್ಮ ಒಪ್ಪಿಗೆಯಿದೆಯೆಂಬ ವಾಕ್ಯ.

ಗೋಡೆಯ ಗಡಿಯಾರಕ್ಕೂ ನಮ್ಮ ಜನ್ಮದಿನಕ್ಕೂ ಏನು ಸಂಬಂಧ? ಹಣವನ್ನು ಮೊದಲೇ ಕೊಟ್ಟವನ ತಿಂಗಳ ವರಮಾನವನ್ನು ತಿಳಿದು ವ್ಯಾಪಾರಿಗೆ ಆಗಬೇಕಾದುದೇನು? ಜಾತಕ ನೋಡಿ ಹೆಣ್ಣು ಕೊಡುವುದನ್ನು ನಾವು ಕಂಡಿದ್ದೇವೆ. ಜಾತಕ ನೋಡಿ ಗಡಿಯಾರ ಕೊಡುವುದನ್ನು ಕಂಡುದು ಇದೇ ಮೊದಲು. ಇದನ್ನು ನಗೆಯ ಮಾತೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಕೆಲವು ದಿನಗಳಲ್ಲಿ ಬಂದ ಎರಡನೆಯ ಪತ್ರ ನಮ್ಮ ನಗೆಯನ್ನು ನಿಲ್ಲಿಸಿತು. ಗಡಿಯಾರ ಬಂದಿತು, ಹೊಲಿಗೆಯ ಯಂತ್ರ ಬರಲಿಲ್ಲ. ನಮ್ಮ ಸಾಲದ ಚರಿತ್ರೆ ತೃಪ್ತಿಕರವಾಗಿಲ್ಲವೆಂಬ ಒಂದೇ ಸಾಲಿನ ಉತ್ತರ ಬಂದಿತ್ತು. ಅಂದಿನವರೆಗೆ ಯಾರ ಬಾಕಿಯನ್ನೂ ಉಳಿಸಿಕೊಳ್ಳದ ನಮಗೆ ಇಂಥ ಒಂದು ಚರಿತ್ರೆ ಇರುವುದೇ ತಿಳಿದಿರಲಿಲ್ಲ. ಅದು ಎಲ್ಲಿದೆ, ಯಾರು ಬರೆದರು, ಹೇಗೆ ಬರೆದರು ಎಂಬುದನ್ನು ವಿಚಾರಿಸುತ್ತ ಹೋದಾಗ ಕಂಡ ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ದೂರದ ವ್ಯಾಪಾರಿಯಿಂದ ಅಂಚೆಯ ಮೂಲಕ ಸರಕು ತರಿಸುವುದು ನಮ್ಮ ದೇಶಕ್ಕೆ ಹೊಸತಲ್ಲ. 1877ರಲ್ಲಿ ಭಾರತದ ಅಂಚೆ ಇಲಾಖೆ ವಿ.ಪಿ. ಪದ್ಧತಿಯನ್ನು ಆರಂಭಿಸಿತು. ಪುಸ್ತಕ, ಔಷಧಿ, ಬಿತ್ತನೆಯ ಬೀಜ, ಗಡಿಯಾರ ಮೊದಲಾದುವು ಆ ದಾರಿಯಿಂದಲೇ ಸಣ್ಣ ಊರುಗಳನ್ನು ತಲುಪಿದುವು. ಅದರ ಸೊಗಸು ಇದ್ದುದು ಅದರ ಮೌನದಲ್ಲಿ. ಕೊಳ್ಳುವವನು ಅಂಚೆಯ ಸಿಬ್ಬಂದಿಗೆ ಹಣ ಕೊಟ್ಟು ಕಟ್ಟು ಬಿಡಿಸಿಕೊಳ್ಳುವನು. ಆ ಹಣ ವ್ಯಾಪಾರಿಗೆ ಹೋಗುವುದು. ವ್ಯಾಪಾರಿಗೆ ಬೇಕಾಗಿದ್ದುದು ಹೆಸರು ಮತ್ತು ವಿಳಾಸ, ಅಷ್ಟೆ. ಪರಸ್ಪರ ಗುರುತಿಲ್ಲದ ಇಬ್ಬರ ನಡುವೆ ನಂಬಿಕೆಯ ಹೊಣೆಯನ್ನು ಅಂಚೆಯ ಇಲಾಖೆ ಹೊತ್ತಿದ್ದುದರಿಂದ ಒಬ್ಬನು ಇನ್ನೊಬ್ಬನ ಮನೆಯೊಳಗೆ ಇಣಿಕಿ ನೋಡುವ ಅಗತ್ಯವಿರಲಿಲ್ಲ. ಇಂದು ಮೊಬೈಲಿನಲ್ಲಿ ಸರಕು ಆರಿಸಿ ಬಾಗಿಲಲ್ಲಿ ಹಣ ಕೊಡುವ ಪದ್ಧತಿಯೂ ತತ್ತ್ವದಲ್ಲಿ ಅದೇ. ಸರಕು ಬಂದಿತು, ಹಣ ಹೋಯಿತು, ಋಣ ತೀರಿತು.

ಆದರೆ ಸಾಲದ ಮಾತು ಬೇರೆ. ಇದನ್ನು ನಾವು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಇಂದು ಸರಕು ಕೊಟ್ಟು ಹನ್ನೆರಡು ತಿಂಗಳವರೆಗೆ ಹಣಕ್ಕಾಗಿ ಕಾಯುವವನಿಗೆ, ಎದುರಿನವನು ಕೊಟ್ಟಾನೆಯೆ ಎಂದು ವಿಚಾರಿಸುವ ಹಕ್ಕು ಖಂಡಿತವಾಗಿಯೂ ಇದೆ. ಊರಿನ ಅಂಗಡಿಯವರೂ ಅದನ್ನೇ ಮಾಡುತ್ತಿದ್ದರು. ಕಡ ಬರೆಸಿಕೊಂಡು ಸಾಮಾನು ಒಯ್ಯುವವನ ಗದ್ದೆ ಎಷ್ಟು, ಈ ವರ್ಷ ಕಬ್ಬು ಹೇಗಿದೆ, ಮಗಳ ಮದುವೆ ಎಂದು ಎಂಬುದೆಲ್ಲ ಅಂಗಡಿಯ ಗಲ್ಲದ ಮುಂದೆ ಕುಳಿತವರಿಗೆ ಗೊತ್ತಿತ್ತು. ಆ ಪದ್ಧತಿಯನ್ನು ಅತಿಯಾಗಿ ಹೊಗಳುವುದೂ ತಪ್ಪೇ. ಅಂಗಡಿಯವರಿಗೆ ಪರಿಚಯವಿಲ್ಲದ ಹೊಸಬನಿಗೆ ಕಡ ಹುಟ್ಟುತ್ತಿರಲಿಲ್ಲ. ಗಂಡನ ಹೆಸರು ಹೇಳಲಾಗದ ಹೆಂಗಸಿಗೆ, ಕೆಳಜಾತಿಯವನೆಂದು ದೂರ ನಿಲ್ಲಿಸಿದವನಿಗೆ, ಎಷ್ಟೇ ಪ್ರಾಮಾಣಿಕರಾದರೂ, ಲೆಕ್ಕದ ಪುಸ್ತಕದಲ್ಲಿ ಹಾಳೆ ಸಿಗುವುದು ಕಷ್ಟವಾಗಿತ್ತು. ಮುಖ ನೋಡಿ ಮಣೆ ಹಾಕುವ ಆ ಕ್ರಮವನ್ನು ಬಿಟ್ಟು ಅಂಕಿಗಳನ್ನು ನೋಡಿ ನಿರ್ಣಯಿಸುವ ಕ್ರಮ ಬಂದುದು ಹಲವರಿಗೆ ಒಳಿತನ್ನೇ ಮಾಡಿದೆ. ಆದುದರಿಂದ ನಮ್ಮ ಆಕ್ಷೇಪವಿರುವುದು ವಿಚಾರಣೆಯ ಮೇಲಲ್ಲ. ಅಳತೆಯಿಲ್ಲದ ವಿಚಾರಣೆಯ ಮೇಲೆ.

ಈ ಅಂಕಿಗಳ ಕ್ರಮ ಹುಟ್ಟಿದ ಬಗೆ ವಿಜ್ಞಾನದ ವಾಚಕರಿಗೆ ರುಚಿಸುವಂಥದು. ಅಮೆರಿಕದಲ್ಲಿ 1872ರಲ್ಲಿ ಆರನ್ ಮಾಂಟ್ಗೊಮರಿ ವಾರ್ಡ್ ಎಂಬಾತ ಹಳ್ಳಿಯ ರೈತರಿಗಾಗಿ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಹೊರಡಿಸಿ ಅಂಚೆಯ ವ್ಯಾಪಾರವನ್ನು ಆರಂಭಿಸಿದನು. ಮುಂದೆ ಇಂಥ ವ್ಯಾಪಾರ ಬೆಳೆದು, ಕಂತಿನ ಮೇಲೆ ಸರಕು ಕೊಡುವುದೂ ರೂಢಿಗೆ ಬಂದಿತು. ಅರ್ಜಿದಾರನ ಮುಖವನ್ನೇ ಕಾಣದ ಈ ಸಂಸ್ಥೆಗಳಲ್ಲಿ ಯಾರಿಗೆ ಸಾಲ ಕೊಡಬಹುದೆಂಬುದನ್ನು ಗುಮಾಸ್ತರು ತಮ್ಮ ತಮ್ಮ ಅನುಭವದಿಂದ ತೀರ್ಮಾನಿಸುತ್ತಿದ್ದರು. ಒಬ್ಬನು ಒಪ್ಪಿದ ಅರ್ಜಿಯನ್ನು ಇನ್ನೊಬ್ಬನು ತಳ್ಳುವನು. ಈ ಗೊಂದಲವನ್ನು ತಪ್ಪಿಸಲು 1930ರ ದಶಕದಲ್ಲಿ ಕೆಲವು ಅಂಚೆ ವ್ಯಾಪಾರದ ಸಂಸ್ಥೆಗಳು, ಉದ್ಯೋಗಕ್ಕೆ ಇಷ್ಟು, ಒಂದೇ ಮನೆಯಲ್ಲಿ ಇದ್ದ ವರ್ಷಗಳಿಗೆ ಇಷ್ಟು ಎಂದು ಅಂಕಗಳನ್ನು ಕೊಟ್ಟು ಕೂಡಿಸುವ ಪದ್ಧತಿಯನ್ನು ತಂದುವು. ಇಂದು ಬ್ಯಾಂಕುಗಳು ನೆಚ್ಚಿಕೊಂಡಿರುವ ಸಾಲದ ಅಂಕದ ಪೂರ್ವಜ ಕ್ಯಾಟಲಾಗಿನ ವ್ಯಾಪಾರದಲ್ಲಿಯೇ ಹುಟ್ಟಿತೆಂಬುದನ್ನು ಗಮನಿಸಬೇಕು.

ಅದೇ ಕಾಲದಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ ಬೇರೊಂದು ಪ್ರಶ್ನೆಯಲ್ಲಿ ಮಗ್ನನಾಗಿದ್ದನು. ಐರಿಸ್ ಎಂಬ ಹೂವಿನ ಮೂರು ಜಾತಿಗಳನ್ನು ಆತ ತೆಗೆದುಕೊಂಡನು. ಹೂವಿನ ಎಸಳು ಮತ್ತು ಪುಷ್ಪಪತ್ರಗಳ ಉದ್ದ ಅಗಲಗಳನ್ನು ಅಳೆದರೆ, ಕೈಯಲ್ಲಿರುವ ಹೂವು ಯಾವ ಜಾತಿಯದೆಂದು ಹೇಳಲಾದೀತೆ? ಒಂದೊಂದು ಜಾತಿಗೆ 50ರಂತೆ 150 ಹೂಗಳ ಅಳತೆಗಳನ್ನು ಹಿಡಿದು, ನಾಲ್ಕು ಅಳತೆಗಳಿಗೂ ತಕ್ಕ ತೂಕ ಕೊಟ್ಟು ಕೂಡಿಸಿದರೆ ಗುಂಪುಗಳು ಬೇರೆಬೇರೆಯಾಗುವುವೆಂದು ಆತ 1936ರಲ್ಲಿ ತೋರಿಸಿದನು. ಐದು ವರ್ಷಗಳ ಬಳಿಕ, 1941ರಲ್ಲಿ, ಅಮೆರಿಕದ ಡೇವಿಡ್ ಡ್ಯೂರಾಂಡ್ ಇದೇ ವಿಧಾನವನ್ನು ಕಂತಿನ ಸಾಲಗಾರರಿಗೆ ಅನ್ವಯಿಸಿದನು. ಹೂವಿನ ಎಸಳಿನ ಸ್ಥಾನದಲ್ಲಿ ಉದ್ಯೋಗ, ವಯಸ್ಸು, ಬ್ಯಾಂಕಿನ ಖಾತೆ. ಹೂವಿನ ಜಾತಿಯ ಸ್ಥಾನದಲ್ಲಿ ಸಾಲ ತೀರಿಸುವವನು ಮತ್ತು ತೀರಿಸದವನು. ಇಂಥ ವಿಂಗಡಣೆಯ ಗಣಿತವನ್ನು ಎರಡಕ್ಕಿಂತ ಹೆಚ್ಚು ಗುಂಪುಗಳಿಗೆ ವಿಸ್ತರಿಸಿ 1948ರಲ್ಲಿ ಬರೆದವರು ಸಿ. ಆರ್. ರಾವ್, ಅವರು 1920ರಲ್ಲಿ ಹುಟ್ಟಿದುದು ನಮ್ಮ ಹೂವಿನ ಹಡಗಲಿಯಲ್ಲಿ. ಬಿಲ್ ಫೇರ್ ಮತ್ತು ಅರ್ಲ್ ಐಸಾಕ್ ಎಂಬಿಬ್ಬರು 1956ರಲ್ಲಿ ಅಮೆರಿಕದಲ್ಲಿ ಕಟ್ಟಿದ ಕಂಪನಿ ಸಾಲದ ಅಂಕವನ್ನೇ ಒಂದು ವ್ಯಾಪಾರವನ್ನಾಗಿ ಮಾಡಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಹೂವು ತನ್ನ ಜಾತಿಯನ್ನು ಬದಲಿಸುವುದಿಲ್ಲ, ಮನುಷ್ಯ ಬದಲಾಗುವನು. ಸಾಲದ ಅಂಕವು ಒಬ್ಬನ ಪ್ರಾಮಾಣಿಕತೆಯನ್ನು ಅಳೆಯುವ ತಕ್ಕಡಿಯಲ್ಲ. ‘ದಾಖಲೆಯಲ್ಲಿ ಇವನನ್ನು ಹೋಲುವ ನೂರು ಮಂದಿಯಲ್ಲಿ ಇಷ್ಟು ಮಂದಿ ಬಾಕಿ ಉಳಿಸಿದರು’ ಎನ್ನುವುದಷ್ಟೇ ಅದರ ಮಾತು. ನಾಳೆ ಮಳೆ ಬರುವ ಸಂಭವ ನೂರಕ್ಕೆ ಎಪ್ಪತ್ತು ಎಂದು ಹೇಳಿದ ಮೇಲೂ ಮಳೆ ಬಾರದಿರಬಹುದು. ಅದರಿಂದ ಆ ಲೆಕ್ಕ ಸುಳ್ಳಾಗುವುದಿಲ್ಲ. ಆದರೆ ಆ ಎಪ್ಪತ್ತನ್ನು ನೂರೆಂದು ತಿಳಿದು ಬಾಗಿಲು ಮುಚ್ಚುವುದು ಲೆಕ್ಕದ ತಪ್ಪಲ್ಲ, ಲೆಕ್ಕವನ್ನು ಬಳಸುವವರ ತಪ್ಪು.

ನಮ್ಮ ದೇಶದಲ್ಲಿ ಈ ಏರ್ಪಾಡು ತಡವಾಗಿ ಬಂದಿತು. ಸಾಲದ ಮಾಹಿತಿಯನ್ನು ಸಂಗ್ರಹಿಸುವ ಮೊದಲ ಸಂಸ್ಥೆಯಾದ ಸಿಬಿಲ್ 2000ದಲ್ಲಿ ಸ್ಥಾಪನೆಯಾಯಿತು. 2005ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾಯಿದೆಯಾಯಿತು. ಇಂದು ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇಂಥ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈಮಾರ್ಕ್. ಬ್ಯಾಂಕುಗಳು, ಸಹಕಾರ ಬ್ಯಾಂಕುಗಳು, ಕಂತಿನ ಮೇಲೆ ಸರಕು ಕೊಡಿಸುವ ಹಣಕಾಸಿನ ಕಂಪನಿಗಳು, ಹಳ್ಳಿಯ ಮಹಿಳಾ ಗುಂಪುಗಳಿಗೆ ಸಾಲ ಕೊಡುವ ಕಿರುಸಾಲದ ಸಂಸ್ಥೆಗಳು ತಮ್ಮ ಸಾಲಗಾರರ ಲೆಕ್ಕವನ್ನು ಇವಕ್ಕೆ ಒಪ್ಪಿಸುತ್ತವೆ. ಇವು ಅದನ್ನು ಒಟ್ಟುಗೂಡಿಸಿ 300ರಿಂದ 900ರವರೆಗಿನ ಒಂದು ಅಂಕವನ್ನು ಕಟ್ಟುತ್ತವೆ. ಕಂತಿನ ನಮೂನೆಗೆ ನಾವು ಸಹಿ ಹಾಕಿದೊಡನೆ ಆ ಅಂಕವನ್ನು ತರಿಸಿ ನೋಡಲಾಗುವುದು.

ಈ ನೋಟದಿಂದ ಸಾಲಗಾರನಿಗೂ ಪ್ರಯೋಜನವಿದೆ. ಒಬ್ಬಳೇ ಹೆಂಗಸಿನ ತಲೆಯ ಮೇಲೆ ನಾಲ್ಕು ಸಂಸ್ಥೆಗಳು ಸಾಲ ಹೇರಿ, ವಾರವಾರವೂ ವಸೂಲಿಗೆ ಬಂದು ಬಾಗಿಲಲ್ಲಿ ಕುಳಿತರೆ ಆಗುವ ದುರಂತವನ್ನು ಮಂಡ್ಯವೂ ಸೇರಿದಂತೆ ನಮ್ಮ ನಾಡಿನ ಅನೇಕ ಜಿಲ್ಲೆಗಳು ಕಂಡಿವೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಿರುಸಾಲದ ಕಂತುಗಳೆಲ್ಲ ಸೇರಿ ಮನೆಯ ತಿಂಗಳ ವರಮಾನದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದೆ. ಇರುವ ಸಾಲವನ್ನು ನೋಡದೆ ಈ ಮಿತಿಯನ್ನು ಪಾಲಿಸುವುದು ಸಾಧ್ಯವಿಲ್ಲ. ಸರಿಯಾಗಿ ಮಾಡಿದ ವಿಚಾರಣೆ ಕೊಳ್ಳುವವನನ್ನು ಅವನ ಆಸೆಯಿಂದಲೇ ಕಾಪಾಡಬಲ್ಲುದು.

ಹಾಗಾದರೆ ಕೊರತೆ ಎಲ್ಲಿದೆ? ನಮ್ಮ ಊರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಭಾರತೀನಗರ ಕಬ್ಬಿನ ಸೀಮೆ. ಸಕ್ಕರೆಯ ಕಾರ್ಖಾನೆ ಊರಿನಲ್ಲಿಯೇ ಇದೆ. ನಾಟಿಯಿಂದ ಕಟಾವಿನವರೆಗೆ ಸುಮಾರು ಒಂದು ವರ್ಷ ಗದ್ದೆಯಲ್ಲಿ ಕಬ್ಬು ನಿಂತಿರುವುದು. ಅಷ್ಟು ದಿನವೂ ಖರ್ಚು; ಹಣ ಬರುವುದು ಕಬ್ಬು ಕಾರ್ಖಾನೆಗೆ ಹೋದ ಮೇಲೆ, ಒಮ್ಮೆಗೇ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಬೆಲೆ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುವುದಾದರೂ, ಬಾಕಿಗಾಗಿ ಕಾದು ಕುಳಿತ ವರ್ಷಗಳು ನಾಡಿನ ಕಬ್ಬಿನ ರೈತರ ನೆನಪಿನಲ್ಲಿ ಸಾಕಷ್ಟಿವೆ. ಸಾಲದ ಅಂಕವಾದರೋ ತಿಂಗಳನ್ನು ಅಳತೆಗೋಲಾಗಿ ಹಿಡಿದಿದೆ. ಪ್ರತಿ ತಿಂಗಳ ಗೊತ್ತಾದ ದಿನ ಕಂತು ಬಿದ್ದರೆ ಒಳ್ಳೆಯವನು. ನಾಲ್ಕು ತಿಂಗಳು ತಡವಾಗಿ, ಕಬ್ಬಿನ ಬಿಲ್ಲು ಕೈಗೆ ಬಂದ ದಿನ ಬಡ್ಡಿಯ ಸಮೇತ ಒಮ್ಮೆಗೇ ತೀರಿಸಿದರೂ ದಾಖಲೆಯಲ್ಲಿ ನಾಲ್ಕು ಕಪ್ಪು ಚುಕ್ಕೆಗಳು ಉಳಿಯುವುವು. ಊರಿನ ಅಂಗಡಿಯವರು ‘ಕಬ್ಬು ಕಡಿದ ಮೇಲೆ ಕೊಡಿ’ ಎನ್ನುತ್ತಿದ್ದರು. ಅದು ದಯೆ ಮಾತ್ರವಲ್ಲ, ಬೆಳೆಯ ಕಾಲವನ್ನು ಬಲ್ಲ ಲೆಕ್ಕವೂ ಆಗಿತ್ತು. ಬೆಳೆಸಾಲ ಕೊಡುವ ಬ್ಯಾಂಕುಗಳು ಕಟಾವಿನ ಕಾಲಕ್ಕೆ ವಾಯಿದೆ ಇಡಬಲ್ಲುವಾದರೆ, ಹೊಲಿಗೆಯ ಯಂತ್ರ ಮಾರುವವರು ಅದೇ ಪದ್ಧತಿಯನ್ನು ಏಕೆ ಅನುಸರಿಸಬಾರದು?

ಎರಡನೆಯ ಕೊರತೆ ಗುರುತಿನದು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ನಮ್ಮ ಊರಿಗೆ ಎರಡು ಹೆಸರು. ಅಂಚೆಗೆ ಭಾರತೀನಗರ, ಬಸ್ಸಿನವರಿಗೂ ಸುತ್ತಿನ ಹಳ್ಳಿಯವರಿಗೂ ಕೆ.ಎಂ. ದೊಡ್ಡಿ. ಇನ್ನು ಜನರ ಹೆಸರುಗಳು: ಸಿದ್ದೇಗೌಡ, ಮಾದೇಗೌಡ, ಬೋರಮ್ಮ, ಜಯಮ್ಮ ಎಂಬ ಹೆಸರುಗಳನ್ನು ಹಿಡಿದು ಕೂಗಿದರೆ ಬೀದಿಗೆ ಇಬ್ಬರು ‘ಓ’ ಎನ್ನುವರು. ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬ ಗುಮಾಸ್ತ ಬರೆದಂತೆ ಇನ್ನೊಬ್ಬ ಬರೆಯುವುದಿಲ್ಲ. ಜನ್ಮದಿನವಂತೂ ಹಳ್ಳಿಯ ಹಿರಿಯರ ಪಾಲಿಗೆ ಶಾಲೆಯ ಮೇಷ್ಟರು ದಯಪಾಲಿಸಿದ ವಸ್ತು. ಶಾಲೆಗೆ ಸೇರಿದ ಕಾಲಕ್ಕೆ ಹೊಂದುವಂತೆ ಜೂನ್ ಒಂದೆಂದು ಬರೆಸಿಕೊಂಡವರು ಎಷ್ಟೋ ಮಂದಿ. ಸಾಲದ ದಾಖಲೆಯನ್ನು ಜೋಡಿಸುವ ಯಂತ್ರ ನೋಡುವುದು ಹೆಸರು, ಜನ್ಮದಿನಾಂಕ, ವಿಳಾಸ, ದೂರವಾಣಿ, ಪ್ಯಾನ್ ಸಂಖ್ಯೆಗಳನ್ನು. ಇವುಗಳಲ್ಲಿ ಕೆಲವು ಬಿಟ್ಟುಹೋಗಿ ಉಳಿದುವು ಹೊಂದಿಕೊಂಡರೆ ಒಬ್ಬನ ಸಾಲ ಇನ್ನೊಬ್ಬನ ಹಾಳೆಯಲ್ಲಿ ಕುಳಿತುಕೊಳ್ಳಬಹುದು.

ನಮ್ಮ ವಿಷಯದಲ್ಲಿ ಆದುದೂ ಇದೇ. ದಾಖಲೆಯನ್ನು ತರಿಸಿ ನೋಡಿದಾಗ, ನಾವು ಎಂದೂ ಏರದ ಒಂದು ಮೋಟಾರು ಬೈಕಿನ ಸಾಲ ನಮ್ಮ ಹೆಸರಿನಲ್ಲಿತ್ತು. ಅದರ ಒಡೆಯನಿಗೂ ನಮಗೂ ಒಂದೇ ಹೆಸರು, ಒಂದೇ ಜೂನ್ ಒಂದು, ಒಂದೇ ಅಂಚೆಯ ಪಿನ್ ಸಂಖ್ಯೆ. ಬರೆದು ಕೇಳಿದ ಮೇಲೆ ಕೆಲವು ವಾರಗಳಲ್ಲಿ ಆ ಸಾಲವನ್ನು ತೆಗೆದುಹಾಕಿದರು, ಅದಕ್ಕಾಗಿ ಕೃತಜ್ಞರಾಗಿದ್ದೇವೆ. ಆದರೆ ಹೊಲಿಗೆಯ ಯಂತ್ರದ ಬದಲಿಗೆ ಆಸ್ಪತ್ರೆಯ ಖರ್ಚಿಗಾಗಿ ಸಾಲ ಬೇಕಾಗಿದ್ದ ದಿನ ಆ ಒಂದು ಸಾಲಿನ ಉತ್ತರ ಬಂದಿದ್ದರೆ? ಓದುಬರಹ ಬಾರದ, ದಾಖಲೆಯೊಂದಿದೆಯೆಂಬುದೇ ತಿಳಿಯದ ನಮ್ಮ ನೆರೆಯವರಿಗೆ ಬಂದಿದ್ದರೆ? ಅವರು ತಮ್ಮ ಹಣೆಬರಹವೆಂದು ಸುಮ್ಮನಾಗುತ್ತಿದ್ದರು. ಗುಮಾಸ್ತನ ತಪ್ಪು ಹಣೆಬರಹವಾಗಬಾರದು.

‘ಜನ್ಮದಿನ, ಪಿನ್ ಸಂಖ್ಯೆ ಕೊಟ್ಟರೆ ಏನು ನಷ್ಟ? ಅದೇನು ಗುಟ್ಟೆ?’ ಎಂದು ಕೆಲವರು ಕೇಳುವುದುಂಟು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಪಿನ್ ಸಂಖ್ಯೆಯ ವ್ಯಾಪ್ತಿಯಲ್ಲಿ 30,000 ಜನರಿದ್ದಾರೆಂದು ಇಟ್ಟುಕೊಳ್ಳಿ. ಅವರ ಜನ್ಮದಿನಗಳು 80 ವರ್ಷಗಳಲ್ಲಿ ಸಮನಾಗಿ ಹರಡಿದ್ದರೆ ದಿನಗಳು 29,200. ಗಂಡು ಹೆಣ್ಣೆಂದು ಬೇರೆ ಮಾಡಿದರೆ ಗೂಡುಗಳು 58,400. ಜನರಿಗಿಂತ ಗೂಡುಗಳೇ ಹೆಚ್ಚಾದುವು! ಸಂಭವನೀಯತೆಯ ಗಣಿತದಂತೆ ಹತ್ತರಲ್ಲಿ ಸುಮಾರು ಆರು ಮಂದಿ ತಮ್ಮ ಗೂಡಿನಲ್ಲಿ ಒಂಟಿಯಾಗಿಯೇ ಇರುವರು. ಅಂದರೆ ಹೆಸರನ್ನೇ ಹೇಳದೆ ಪಿನ್, ಜನ್ಮದಿನ, ಗಂಡೊ ಹೆಣ್ಣೊ ಎಂಬ ಮೂರನ್ನು ಮಾತ್ರ ಕೊಟ್ಟರೂ ಅವರು ಯಾರೆಂದು ಬೆರಳಿಟ್ಟು ತೋರಿಸಬಹುದು. ಅಮೆರಿಕದ ಲತಾನ್ಯಾ ಸ್ವೀನಿ ಎಂಬ ವಿದುಷಿ ಆ ದೇಶದ ಜನಗಣತಿಯನ್ನು ಹಿಡಿದು, ಇದೇ ಮೂರು ವಿವರಗಳಿಂದ ಅಲ್ಲಿನ ಜನರಲ್ಲಿ ನೂರಕ್ಕೆ 87 ಮಂದಿಯನ್ನು ಗುರುತಿಸಬಹುದೆಂದು 2000ದಲ್ಲಿ ತೋರಿಸಿದಳು. ಜೂನ್ ಒಂದರ ಹಿರಿಯರಿಗೆ ಮಾತ್ರ ಇದರ ವಿರುದ್ಧವಾದ ಕಷ್ಟ: ಒಂದೇ ಗೂಡಿನಲ್ಲಿ ಹತ್ತಾರು ಮಂದಿ. ಹೀಗೆ ಒಂದೇ ವಿವರ ಕಿರಿಯರನ್ನು ಬಯಲಿಗೆಳೆಯುವುದು, ಹಿರಿಯರನ್ನು ಬೇರೆಯವರೊಡನೆ ಬೆರೆಸುವುದು.

ವಿವರಗಳು ಒಮ್ಮೆ ಒಂದೆಡೆ ಸೇರಿದ ಮೇಲೆ ಅವು ಅಲ್ಲಿಯೇ ಇರುವುವೆಂಬ ಭರವಸೆಯೂ ಇಲ್ಲ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಗಣಕಗಳಿಗೆ ಕನ್ನ ಬಿದ್ದು ಸುಮಾರು 14.7 ಕೋಟಿ ಜನರ ಹೆಸರು, ಜನ್ಮದಿನ ಮೊದಲಾದ ವಿವರಗಳು ಕಳ್ಳರ ಪಾಲಾದುವು. ಮನೆಯ ಬೀಗ ಕಳೆದರೆ ಬೇರೆ ಬೀಗ ಹಾಕಬಹುದು. ಜನ್ಮದಿನ ಕಳೆದರೆ ಬೇರೆ ಜನ್ಮದಿನವನ್ನು ತರುವುದೆಲ್ಲಿಂದ? ಅಷ್ಟು ದೊಡ್ಡ ಸಂಸ್ಥೆಯ ಪಾಡು ಹೀಗಾದರೆ, ಗಡಿಯಾರ ಮಾರುವವರ ಕಪಾಟಿನಲ್ಲಿ ಬಿದ್ದಿರುವ ನಮೂನೆಗಳ ಪಾಡೇನು? ಕೇಳದಿದ್ದ ವಿವರವನ್ನು ಯಾರೂ ಕದಿಯಲಾರರು. ಬೇಡದುದನ್ನು ಕೇಳದಿರುವುದೇ ಎಲ್ಲಕ್ಕಿಂತ ಅಗ್ಗವಾದ ಬೀಗ.

ನಮ್ಮ ಕಾನೂನೂ ಈಗ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಮೊಕದ್ದಮೆಯ ಫಲವಾಗಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿತು. ಯಾವ ಉದ್ದೇಶಕ್ಕೆಂದು ತಿಳಿಸಿ, ಆ ಉದ್ದೇಶಕ್ಕೆ ಅಗತ್ಯವಾದಷ್ಟು ವಿವರಕ್ಕೆ ಮಾತ್ರ ಒಪ್ಪಿಗೆ ಪಡೆಯಬೇಕೆಂಬುದು ಅದರ ತಿರುಳು. ತಿಳಿವಳಿಕೆಯ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆಂದೂ ಅದು ಹೇಳುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು, ಅದರ ಮುಖ್ಯ ಕಟ್ಟಳೆಗಳಿಗೆ ಅಣಿಯಾಗಲು ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಅವಕಾಶವಿತ್ತುವು. ಇದಕ್ಕೂ ಮೊದಲೇ, ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಕರೆಗಳ ದಾಖಲೆಯನ್ನೂ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಕಟ್ಟುಮಾಡಿತ್ತು. ಮೊಬೈಲ್ ಸಂಖ್ಯೆ ಕೊಡದೆ ಬಿಲ್ಲು ಕೊಡುವುದಿಲ್ಲವೆಂದು ಅಂಗಡಿಗಳು ಹಟ ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಸೂಚಿಸಿತು.

ಆದರೆ ಕಾಯಿದೆಯ ಪುಸ್ತಕದಲ್ಲಿರುವ ಹಕ್ಕು ಗಲ್ಲದ ಮುಂದೆ ನಿಂತವನ ಬಾಯಿಗೆ ಬರುವವರೆಗೆ ಹಕ್ಕಾಗುವುದಿಲ್ಲ. ಆದುದರಿಂದ ವ್ಯಾಪಾರಿಗಳಲ್ಲಿ ನಮ್ಮ ಬಿನ್ನಹ ಇಷ್ಟು. ಹಣ ಕೊಟ್ಟು ಕೊಳ್ಳುವವನಿಗೆ ಒಂದು ನಮೂನೆ, ಸಾಲದ ಮೇಲೆ ಕೊಳ್ಳುವವನಿಗೆ ಇನ್ನೊಂದು ನಮೂನೆ ಇರಲಿ. ಮೊದಲನೆಯದರಲ್ಲಿ ಸರಕು ಮುಟ್ಟಲು ಬೇಕಾದ ಹೆಸರು, ವಿಳಾಸ, ದೂರವಾಣಿಗಿಂತ ಹೆಚ್ಚಿನದು ಬೇಡ. ಎರಡನೆಯದರಲ್ಲಿ ಪ್ರತಿಯೊಂದು ಪ್ರಶ್ನೆಯ ಎದುರಿಗೆ ಅದನ್ನು ಕೇಳುವ ಕಾರಣವನ್ನು ಕನ್ನಡದಲ್ಲಿ ಒಂದು ಸಾಲು ಬರೆಯಲಿ. ಕಾರಣ ಬರೆಯಲಾಗದ ಪ್ರಶ್ನೆಯನ್ನು ಹೊಡೆದುಹಾಕಲಿ. ಸಾಲ ನಿರಾಕರಿಸಿದರೆ ಯಾವ ದಾಖಲೆಯ ಯಾವ ಸಾಲಿನಿಂದ ನಿರಾಕರಿಸಿದೆವೆಂದು ತಿಳಿಸಲಿ. ಕಂತು ತೀರಿದ ಮೇಲೆ, ಕಾನೂನು ಇಟ್ಟುಕೊಳ್ಳಬೇಕೆಂದು ಹೇಳಿದುದನ್ನು ಬಿಟ್ಟು ಉಳಿದುದನ್ನು ನಾಶಮಾಡಲಿ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಸಾಲ ಮಾಡುವವನಿಗೆ ಎಲ್ಲರೂ ಹೇಳುವರು. ಪ್ರಶ್ನೆ ಕೇಳುವವನಿಗೂ ಅದು ಸಲ್ಲಬೇಕು.

ವಾಚಕರೂ ಮಾಡಬೇಕಾದ ಕೆಲಸವಿದೆ. 2017ರ ಜನವರಿಯಿಂದ ಈ ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ನಮ್ಮ ಸಾಲದ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಪಹಣಿಯನ್ನು ತೆಗೆಸಿ ನೋಡುವಂತೆ ಇದನ್ನೂ ವರ್ಷಕ್ಕೊಮ್ಮೆ ತೆಗೆಸಿ ನೋಡಿರಿ. ತಪ್ಪಿದ್ದರೆ ಬರೆದು ತಿಳಿಸಿರಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಗೊತ್ತುಮಾಡಿದೆ. ಇದುವರೆಗೆ ಸಾಲವನ್ನೇ ಮಾಡದವರು ಹೆದರಬೇಕಾಗಿಲ್ಲ. ಹಿಂದಿನ ಸಾಲದ ಚರಿತ್ರೆಯಿಲ್ಲವೆಂಬ ಒಂದೇ ಕಾರಣದಿಂದ ಮೊದಲ ಸಾಲದ ಅರ್ಜಿಯನ್ನು ತಳ್ಳಬಾರದೆಂದು ಬ್ಯಾಂಕುಗಳಿಗೆ ಸೂಚನೆಯಿದೆ. ನಿಮ್ಮ ಹೆಸರನ್ನು ಎಲ್ಲ ಕಡೆಯೂ ಒಂದೇ ಅಕ್ಷರಕ್ರಮದಲ್ಲಿ ಬರೆಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ನೆಂಟರ ನೆರೆಯವರ ಸಂಖ್ಯೆಗಳನ್ನು ಅವರನ್ನು ಕೇಳದೆ ಬರೆದುಕೊಡಬೇಡಿರಿ. ನಮ್ಮ ಮನೆಯ ಬಾಗಿಲನ್ನು ತೆರೆಯುವ ಹಕ್ಕು ನಮಗಿರಬಹುದು. ನೆರೆಮನೆಯ ಬಾಗಿಲನ್ನು ತೆರೆದುಕೊಡುವ ಹಕ್ಕು ನಮಗಿಲ್ಲ.

ಹೊಲಿಗೆಯ ಯಂತ್ರವನ್ನು ಕಡೆಗೆ ಮದ್ದೂರಿನ ಒಂದು ಅಂಗಡಿಯಲ್ಲಿ ರೊಕ್ಕ ಕೊಟ್ಟು ತಂದೆವು. ಬಿಲ್ಲು ಬರೆಯುವಾಗ ಅಲ್ಲಿಯ ಹುಡುಗ ಮೊಬೈಲ್ ಸಂಖ್ಯೆ, ಜನ್ಮದಿನಾಂಕ ಎರಡನ್ನೂ ಕೇಳಿದನು. ‘ಯಂತ್ರ ಕೆಟ್ಟರೆ ತಿಳಿಸಲು ಸಂಖ್ಯೆ ಬೇಕಾದೀತು, ಬರೆದುಕೊಳ್ಳಪ್ಪ, ಜನ್ಮದಿನ ಏತಕ್ಕೆ?’ ಎಂದೆವು. ಹುಡುಗ ಒಂದು ಕ್ಷಣ ಯೋಚಿಸಿ, ‘ಗೊತ್ತಿಲ್ಲ ಸಾರ್, ಕಂಪ್ಯೂಟರಿನಲ್ಲಿ ಆ ಜಾಗ ಇದೆ, ಅದಕ್ಕೇ ಕೇಳಿದೆ’ ಎಂದು ನಕ್ಕು, ಆ ಜಾಗವನ್ನು ಖಾಲಿ ಬಿಟ್ಟು ಬಿಲ್ಲು ಕೊಟ್ಟನು. ಬಿಲ್ಲಿಗೆ ಅದರಿಂದ ಯಾವ ಕೊರತೆಯೂ ಆಗಲಿಲ್ಲ. ‘ಏತಕ್ಕೆ?’ ಎಂದು ಕೇಳುವುದು ವಿಜ್ಞಾನದ ಮೊದಲ ಪಾಠ. ಗಲ್ಲದ ಮುಂದೆ ನಿಂತಾಗಲೂ ಅದನ್ನು ಮರೆಯದಿದ್ದರೆ ಇಂಥ ಎಷ್ಟೋ ಜಾಗಗಳು ಖಾಲಿಯಾಗಿಯೇ ಉಳಿಯುವುವು.